'ಗೆಟ್' ಕಲಿಯಲು ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ಜಾಲತಾಣ: ಎಷ್ಟು ಉಪಯೋಗ?

'ಆಟೋ ಈಸ್ ನಾಟ್ ಗೆಟಿಂಗ್' ಎಂಬ ಮಾತು ಬೆಂಗಳೂರಿನಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಈ ತಪ್ಪಿನ ಬೇರು ಕನ್ನಡದಲ್ಲಿದೆ. 'ನನಗೆ ಆಟೋ ಸಿಗ್ತಿಲ್ಲ' ಎನ್ನುವಾಗ ಆಟೋವೇ ಕರ್ತೃ, 'ನನಗೆ' ಚತುರ್ಥಿ. ಇಂಗ್ಲಿಷಿನ 'ಗೆಟ್'ಗೆ ಪಡೆಯುವವರೇ ಕರ್ತೃ: 'ಐ ಕಾಂಟ್ ಗೆಟ್ ಆ್ಯನ್ ಆಟೋ'.

ಈ ಕ್ರಿಯಾಪದವನ್ನು ಪಳಗಿಸಿಕೊಳ್ಳಲು ಉಚಿತವಾಗಿ ಸಿಗುವ ಈ ನಿಘಂಟು ಒಳ್ಳೆಯ ಆಸರೆ. ಪಡೆ, ತಂದುಕೊಡು, ತಲುಪು, ಆಗು, ಅರ್ಥಮಾಡಿಕೊ ಎಂಬ ಅರ್ಥಗಳಿಗೆಲ್ಲ ಬೇರೆ ಬೇರೆ ಸಂಖ್ಯೆ, ಪ್ರತಿಯೊಂದಕ್ಕೂ ಉದಾಹರಣೆ ವಾಕ್ಯ. ಬ್ರಿಟಿಷ್, ಅಮೆರಿಕನ್ ಉಚ್ಚಾರಣೆ ಎರಡನ್ನೂ ಕೇಳಬಹುದು.

ನಮಗೆ ಹೆಚ್ಚು ಬೇಕಾದದ್ದು 'ಗೆಟ್ ಸಮ್‌ಥಿಂಗ್ ಡನ್' ಎಂಬ ವಿನ್ಯಾಸ. ಕನ್ನಡದ '-ಇಸು' ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಇದು ಮಾಡುತ್ತದೆ. ಕ್ಷೌರಿಕರ ಹತ್ತಿರ ಕೂದಲು ಕತ್ತರಿಸಿಕೊಂಡು ಬಂದು 'ಐ ಕಟ್ ಮೈ ಹೇರ್' ಎಂದರೆ ಕತ್ತರಿ ಹಿಡಿದವರು ನೀವೇ ಎಂದಾಗುತ್ತದೆ. 'ಐ ಗಾಟ್ ಮೈ ಹೇರ್ ಕಟ್' ಎಂದರೆ 'ಕಟಿಂಗ್ ಮಾಡಿಸಿದೆ'. ಬೈಕ್ ರಿಪೇರಿ ಮಾಡಿಸಿದ್ದಕ್ಕೂ ಇದೇ ಅಚ್ಚು: 'ಐ ಗಾಟ್ ದಿ ಬೈಕ್ ರಿಪೇರ್ಡ್'. ಆದರೆ ಮಾಡಿದವರನ್ನು ಹೆಸರಿಸಿದರೆ 'ಟು' ಬೇಕು: 'ಐ ಗಾಟ್ ಹಿಮ್ ಟು ರಿಪೇರ್ ಇಟ್'. ಈ 'ಟು' ಬಿಟ್ಟುಹೋಗುವುದೇ ಹೆಚ್ಚು.

ಮೂಲವನ್ನೂ ಪುಟದಲ್ಲೇ ಕೊಟ್ಟಿದ್ದಾರೆ: ಹಳೆಯ ನಾರ್ಸ್ ಭಾಷೆಯ 'ಗೆಟಾ'. ಸ್ಕ್ಯಾಂಡಿನೇವಿಯಾದಿಂದ ಬಂದವರ ಮಾತಿನಿಂದ ಇಂಗ್ಲಿಷಿಗೆ ಸೇರಿದ ಪದ. 'ಫರ್ಗೆಟ್' ಮಾತ್ರ ಅದಕ್ಕೂ ಮೊದಲೇ ಇಂಗ್ಲಿಷಿನಲ್ಲಿತ್ತು. ಕೈಗೆ ಸಿಕ್ಕಿದ್ದು ಜಾರಿಹೋಗುವುದೇ ಮರೆವು ಎಂಬ ಕಲ್ಪನೆ ಅದರೊಳಗಿದೆ. ಎಷ್ಟು ಚೆಂದ!

ರೂಪಗಳ ವಿಷಯದಲ್ಲಿ ಒಂದು ಎಚ್ಚರ. ಬ್ರಿಟನ್ನಿನಲ್ಲಿ ಗೆಟ್, ಗಾಟ್, ಗಾಟ್. ಅಮೆರಿಕದಲ್ಲಿ ಮೂರನೆಯದು ಸಾಮಾನ್ಯವಾಗಿ 'ಗಾಟನ್'. ಆದರೆ 'ನನ್ನ ಹತ್ತಿರ ಇದೆ' ಎನ್ನಲು ಅಲ್ಲಿಯೂ 'ಐ ಹ್ಯಾವ್ ಗಾಟ್' ಎಂದೇ ಹೇಳುತ್ತಾರೆ.

ಕೊರತೆ ಇಲ್ಲವೆಂದಲ್ಲ. ಕನ್ನಡ ಅರ್ಥ ಇರುವುದಿಲ್ಲ, ವಿವರಣೆಯೂ ಇಂಗ್ಲಿಷಿನಲ್ಲೇ. ಹೊಸಬರಿಗೆ ಪಕ್ಕದಲ್ಲೊಂದು ಇಂಗ್ಲಿಷ್-ಕನ್ನಡ ನಿಘಂಟು ಬೇಕೇ ಬೇಕು. ಪುಟ ತುಂಬಾ ಉದ್ದ, ಫೋನಿನಲ್ಲಿ ಸರಿಸಿ ಸರಿಸಿ ಬೆರಳು ಸೋಲುತ್ತದೆ. 'ಗೆಟ್ ಆನ್', 'ಗೆಟ್ ಆಫ್' ಮುಂತಾದ ಜೋಡಿಗಳು ಬೇಕಿದ್ದರೆ ಹುಡುಕುವ ಜಾಗದಲ್ಲಿ ಎರಡೂ ಪದ ಸೇರಿಸಿ ಬರೆಯಿರಿ. ಬಸ್ಸಿಗೆ ಈ ಜೋಡಿ. ಕಾರು, ಆಟೋಗೆ 'ಗೆಟ್ ಇನ್', 'ಗೆಟ್ ಔಟ್'. ಬಸ್ಸಿಂದ ಇಳಿಯುವುದಕ್ಕೆ ನಾವು ಬಳಸುವ 'ಗೆಟ್ ಡೌನ್' ಹುಡುಕಿದರೆ ಮನಸ್ಸು ಕುಗ್ಗಿಸುವ ಅರ್ಥ ಎದುರಾಗುತ್ತದೆ.