ಕನ್‌ಸ್ಟ್ರಕ್ಟರ್ ಮೇಲೆ ಕಣ್ಣಿಡಲು ಪೋಸ್ಟ್‌ಶಾರ್ಪ್: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಡೇಟಾಬೇಸ್ ಕನೆಕ್ಷನ್‌ಗಳು ಸುಮ್ನೆ ಹೆಚ್ಚುತ್ತಾ ಹೋಗುತ್ತಿದ್ದವು. ನಮ್ಮದೇ ಕನೆಕ್ಷನ್ ಕ್ಲಾಸ್, ಆದರೆ ಅದರ ಆಬ್ಜೆಕ್ಟ್ ಎಲ್ಲೆಲ್ಲಿ ಹುಟ್ಟುತ್ತಿದೆ ಅಂತ ಗೊತ್ತಿರಲಿಲ್ಲ. ಕೋಡ್ ಬರೆದವರೆಲ್ಲ ಕೆಲಸ ಬಿಟ್ಟು ಹೋಗಿದ್ದರು. ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡೇ ಕನ್‌ಸ್ಟ್ರಕ್ಟರ್, ಅದರ ಮೇಲೆ ಕಣ್ಣಿಟ್ಟರೆ ಗೊತ್ತಾಗುತ್ತದೆ. ಅದಕ್ಕೇ ಪೋಸ್ಟ್‌ಶಾರ್ಪ್ ಹಾಕಿಕೊಂಡೆ. ಡಾಟ್‌ನೆಟ್ ಪ್ರೋಗ್ರಾಂಗಳ ಮೆಥಡ್‌ಗಳಿಗೆ ನಮ್ಮ ಹೆಚ್ಚುವರಿ ಕೋಡ್ ಸೇರಿಸಿಕೊಡುವ ಟೂಲ್ ಇದು.

ಮೊದಲು ಇಂಥದ್ದೇ ಕೆಲಸದ ಇನ್ನೊಂದು ಲೈಬ್ರರಿ, ಕ್ಯಾಸಲ್ ಡೈನಮಿಕ್‌ಪ್ರಾಕ್ಸಿ ನೋಡಿದ್ದೆ. ಅದು ಪ್ರೋಗ್ರಾಂ ಓಡುವಾಗ ನಮ್ಮ ಕ್ಲಾಸನ್ನು ಬೇಸ್ ಮಾಡಿಕೊಂಡು ಅದರ ಮೇಲೆ ಒಂದು ಡಿರೈವ್ಡ್ ಕ್ಲಾಸ್ ಮಾಡಿ, ವರ್ಚುವಲ್ ಮೆಥಡ್‌ಗಳನ್ನು (ಡಿರೈವ್ಡ್ ಕ್ಲಾಸ್ ಬದಲಾಯಿಸಬಹುದಾದವು) ಹಿಡಿಯುತ್ತದೆ. ಕನ್‌ಸ್ಟ್ರಕ್ಟರ್ ವರ್ಚುವಲ್ ಅಲ್ಲವಲ್ಲ, ಅಲ್ಲಿಗೆ ಅದರ ಕೈ ಎಟುಕುವುದಿಲ್ಲ. ಪೋಸ್ಟ್‌ಶಾರ್ಪ್ ಕಂಪೈಲ್ ಆದ ಮೇಲೆ ಐಎಲ್ ಕೋಡನ್ನೇ (ಕಂಪೈಲರ್ ಕೊಡುವ ಮಧ್ಯಂತರ ಕೋಡ್) ತಿದ್ದುತ್ತದೆ. ಮೆಥಡ್ ಶುರುವಾಗುವಾಗ, ಮುಗಿಯುವಾಗ ನಮ್ಮ ಕೋಡ್ ಓಡಿಸುವ ಅದರ ಆನ್‌ಮೆಥಡ್‌ಬೌಂಡರಿಆಸ್ಪೆಕ್ಟ್ ಕ್ಲಾಸ್ ಹಿಡಿದು ಒಂದು ಆಟ್ರಿಬ್ಯೂಟ್ (ಕೋಡ್ ಮೇಲೆ ಹಚ್ಚುವ ಗುರುತು) ಬರೆದೆ, ಕನ್‌ಸ್ಟ್ರಕ್ಟರ್ ತಲೆಯ ಮೇಲಿಟ್ಟೆ, ಯಾವ ಕೋಡ್ ಯಾವುದನ್ನು ಕರೆಯಿತು ಅಂತ ತೋರಿಸುವ ಸ್ಟ್ಯಾಕ್ ಟ್ರೇಸ್ ಲಾಗ್ ಮಾಡಿಸಿದೆ. ಅರ್ಧ ದಿನದಲ್ಲಿ ಕಳ್ಳ ಸಿಕ್ಕಿಬಿದ್ದ. ರಿಪೋರ್ಟ್ ಸ್ಕ್ರೀನ್‌ನ ಲೂಪ್ ಒಳಗೆ ಪ್ರತಿ ಸಾಲಿಗೂ ಒಂದು ಹೊಸ ಕನೆಕ್ಷನ್!

ಎಡವಿದ್ದು ನಾನೇ, ಎರಡು ಸಲ. ಹುರುಪಿನಲ್ಲಿ ಇಡೀ ಅಸೆಂಬ್ಲಿಗೇ (ಕಂಪೈಲ್ ಆಗಿ ಬರುವ ಪೂರ್ತಿ ಫೈಲಿಗೇ) ಆಟ್ರಿಬ್ಯೂಟ್ ಹಚ್ಚಿದೆ. ಲಾಗ್‌ನ ಒಂದೊಂದು ದಾಖಲೆಗೂ ನಾವು ಬಳಸುವ ಲಾಗ್ ಎಂಟ್ರಿ ಕ್ಲಾಸಿಗೂ ಅದು ಅಂಟಿತು. ಒಂದು ಎಂಟ್ರಿ ಹುಟ್ಟಿದರೆ ಅದನ್ನು ಲಾಗ್ ಮಾಡಲು ಇನ್ನೊಂದು, ಅದಕ್ಕೆ ಮತ್ತೊಂದು... ಸ್ಟ್ಯಾಕ್ ಓವರ್‌ಫ್ಲೋ. ಟ್ರೈ-ಕ್ಯಾಚ್‌ಗೂ ಸಿಗದೆ ಪ್ರೋಸೆಸ್ಸೇ ಢಮಾರ್. ಆ ಕ್ಲಾಸನ್ನು ಹೊರಗಿಡಲು ಆಟ್ರಿಬ್ಯೂಟ್‌ಎಕ್ಸ್‌ಕ್ಲೂಡ್ ಹಾಕಿ ಬಚಾವಾದೆ.

ಎರಡನೆಯದು ಬೇಗ ತಿಳಿಯಲಿಲ್ಲ. ಆಸ್ಪೆಕ್ಟ್‌ನಲ್ಲಿ ಶುರುವಿಗೆ ಓಡುವ ಆನ್‌ಎಂಟ್ರಿಯಲ್ಲಿ ಆಬ್ಜೆಕ್ಟ್ ಮೇಲೆ ಟುಸ್ಟ್ರಿಂಗ್ (ಆಬ್ಜೆಕ್ಟನ್ನು ಪಠ್ಯವಾಗಿ ಕೊಡುವ ಮೆಥಡ್) ಕರೆದಿದ್ದೆ. ಆನ್‌ಎಂಟ್ರಿ ಓಡುವುದು ಬೇಸ್ ಕ್ಲಾಸಿನ ಕನ್‌ಸ್ಟ್ರಕ್ಟರ್ ಮುಗಿದ ಮೇಲೆ, ನಮ್ಮ ಕನ್‌ಸ್ಟ್ರಕ್ಟರ್‌ನ ಸಾಲುಗಳಿಗೆ ಮುಂಚೆ. ಅಲ್ಲಿ ತುಂಬಬೇಕಾದ ಫೀಲ್ಡ್‌ಗಳು ಇನ್ನೂ ಖಾಲಿ. ನಲ್ ರೆಫರೆನ್ಸ್ ಎರರ್! ಸರಿ, ಕನ್‌ಸ್ಟ್ರಕ್ಟರ್ ಸರಿಯಾಗಿ ಮುಗಿದ ಮೇಲೆ ಓಡುವ ಆನ್‌ಸಕ್ಸೆಸ್‌ಗೆ ಬದಲಾಯಿಸಿದೆ. ಆದರೂ ಒಂದು ಕಡೆ ಬಿತ್ತು. ಆಟ್ರಿಬ್ಯೂಟ್ ಇದ್ದದ್ದು ಬೇಸ್ ಕ್ಲಾಸಿನ ಮೇಲೆ, ಓಡಿದ್ದು ಡಿರೈವ್ಡ್ ಕ್ಲಾಸಿನ ಟುಸ್ಟ್ರಿಂಗ್. ಡಿರೈವ್ಡ್ ಕನ್‌ಸ್ಟ್ರಕ್ಟರ್‌ನ ಒಂದು ಸಾಲೂ ಆಗ ಓಡಿರಲಿಲ್ಲ. ಈಗ ಟೈಪ್ ಹೆಸರು ಮಾತ್ರ ಲಾಗ್ ಮಾಡುತ್ತೇನೆ, ಆಬ್ಜೆಕ್ಟನ್ನು ಮುಟ್ಟುವುದಿಲ್ಲ.

ಇನ್ನೊಂದು: ಒಂದು ಕನ್‌ಸ್ಟ್ರಕ್ಟರ್ 'ದಿಸ್' ಮೂಲಕ ಅದೇ ಕ್ಲಾಸಿನ ಇನ್ನೊಂದು ಕನ್‌ಸ್ಟ್ರಕ್ಟರನ್ನು ಕರೆದರೆ, ಎರಡರ ಮೇಲೂ ಆಟ್ರಿಬ್ಯೂಟ್ ಇದ್ದಾಗ, ಒಂದೇ ಆಬ್ಜೆಕ್ಟಿಗೆ ಲಾಗ್‌ನಲ್ಲಿ ಎರಡೆರಡು ಸಲ ಬರುತ್ತದೆ. ಎಣಿಸುವಾಗ ನೆನಪಿರಲಿ.

ಬಿಲ್ಡ್‌ಗೆ ಇನ್ನೊಂದು ಹಂತ ಸೇರುವುದರಿಂದ ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಹೊಸ ಪ್ರಾಜೆಕ್ಟ್ ಆದರೆ ಡಿಪೆಂಡೆನ್ಸಿ ಇಂಜೆಕ್ಷನ್ ಕಂಟೇನರ್ (ಬೇಕಾದ ಆಬ್ಜೆಕ್ಟ್‌ಗಳನ್ನು ಒಂದೇ ಕಡೆ ಮಾಡಿ ಕೊಡುವ ಲೈಬ್ರರಿ) ಕೈಯಲ್ಲೇ ಆಬ್ಜೆಕ್ಟ್ ಮಾಡಿಸಿಬಿಡಿ, ಈ ಕೆಲಸಕ್ಕೆ ಪೋಸ್ಟ್‌ಶಾರ್ಪ್ ಬೇಕಾಗುವುದೇ ಕಡಿಮೆ. ಆದರೆ ಎಲ್ಲೆಂದರಲ್ಲಿ 'ನ್ಯೂ' ಬರೆದಿಟ್ಟ ಹಳೇ ಕೋಡ್ ನಿಮ್ಮ ತಲೆಗೆ ಬಂದಿದೆ ಅಂದ್ರೆ ಹಾಕಿಕೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ.