ಕಾರು ಇಡಲು ಜಾಗ ಕೊಡುತ್ತೇವೆ ಅಂತ ಕೀ ಕೇಳುವವರಿದ್ದಾರೆ, ಹುಷಾರು

ಬೆಂಗಳೂರಿನಲ್ಲಿ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪೀಣ್ಯ ಕಡೆ ಒಂದು ಶೆಡ್ಡಿನಲ್ಲಿ "ಸೇಫ್ ಸ್ಟೋರೇಜ್, 24 ಗಂಟೆ ಸಿಸಿಟಿವಿ, ನಿಮ್ಮ ಕಾರು ನಮ್ಮ ಜವಾಬ್ದಾರಿ" ಅಂತ ಹೇಳಿ ತಿಂಗಳ ಬಾಡಿಗೆಗೆ ಕಾರು ಇಟ್ಟುಕೊಳ್ಳುತ್ತಾರೆ. ನನ್ನ ಕಾರನ್ನೂ ಇಟ್ಟುಕೊಂಡರು. ಇಟ್ಟುಕೊಂಡು, ನನಗೆ ಗೊತ್ತಿಲ್ಲದ ಹಾಗೆ ಬೇರೆಯವರಿಗೆ ಬಾಡಿಗೆಗೆ ಬಿಟ್ಟರು. ಬಾಡಿಗೆ ಕಟ್ಟುತ್ತಿದ್ದವನು ನಾನು. ಅದೇ ಕಾರಿನ ಮೇಲೆ ಬಾಡಿಗೆ ಎತ್ತುತ್ತಿದ್ದವರು ಅವರು. ಬರೆಯುವಾಗಲೂ ಮೈ ಉರಿಯುತ್ತಿದೆ. ಹೆಸರು ಹಾಕುತ್ತಿಲ್ಲ, ಕೇಸು ನಡೆಯುತ್ತಿದೆ, ವಕೀಲರು ಬೇಡ ಅಂದಿದ್ದಾರೆ.

ನನ್ನದು ಸ್ಯಾನ್ ಸ್ಟಾರ್ಮ್. ಇಂದಿನ ಹುಡುಗರಿಗೆ ಹೆಸರೇ ಗೊತ್ತಿರಲಿಕ್ಕಿಲ್ಲ. ನಮ್ಮ ಬೆಂಗಳೂರಿನ ಕಂಪನಿಯೇ ತಂದ ಎರಡು ಸೀಟಿನ ಓಪನ್ ಕಾರು. ಫೈಬರ್ ಬಾಡಿ, ರೆನೋ 1.2 ಲೀಟರ್ ಎಂಜಿನ್. ಬೆಲೆಯ ಲೆಕ್ಕದಲ್ಲಿ ಫೆರಾರಿ ಪಕ್ಕ ನಿಲ್ಲುವ ಕಾರಲ್ಲ. ಆದರೆ ಒಂದು ಡೋರು ಹೋದರೆ ಫೆರಾರಿಗಾದರೂ ದುಡ್ಡು ಕೊಟ್ಟರೆ ಸಿಗುತ್ತದೆ, ಇದಕ್ಕೆ ಎಲ್ಲೂ ಸಿಗುವುದಿಲ್ಲ. ರಸ್ತೆಯಲ್ಲಿ ಉಳಿದಿರುವುದೇ ಕೆಲವು. ಹಾಗಾಗಿ ಇದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದೆ.

ಬಸವನಗುಡಿಯ ನಮ್ಮ ಹಳೇ ಮನೆ ಕೆಡವಿ ಕಟ್ಟಿಸಲು ಶುರು ಮಾಡಿದಾಗ ಕಾರಿಗೆ ಜಾಗ ಬೇಕಾಯಿತು. ನಾವು ಹೋದ ಬಾಡಿಗೆ ಫ್ಲ್ಯಾಟಿಗೆ ಒಂದೇ ಪಾರ್ಕಿಂಗ್, ಅದೂ ಮೇಲೆ ಕೆಳಗೆ ಎತ್ತಿ ಇಳಿಸುವ ಸ್ಟ್ಯಾಕ್ ಪಾರ್ಕಿಂಗ್. ಬೇಸ್‌ಮೆಂಟ್ ಅಂದರೆ ನನಗೆ ಭಯ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು ಕಡೆ ಕೋಟಿಗಟ್ಟಲೆ ಬೆಲೆಯ ಕಾರುಗಳು ನೀರಲ್ಲಿ ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ರಸ್ತೆಯಲ್ಲಿ ಬಿಡೋಣ ಅಂದರೆ ಕ್ಯಾನ್ವಾಸ್ ಹುಡ್ಡಿನ ಕಾರಿಗೆ ಒಂದು ಬ್ಲೇಡು ಸಾಕು. ಹೀಗಾಗಿ ಪರಿಚಯದವರೊಬ್ಬರು ಈ ಶೆಡ್ಡಿನ ನಂಬರ್ ಕೊಟ್ಟರು.

ಶೆಡ್ ನೋಡಿದರೆ ಯಾರೂ ಬೇಡ ಅನ್ನುವ ಹಾಗಿರಲಿಲ್ಲ. ಎಪಾಕ್ಸಿ ಹಾಕಿದ ನೆಲ, ಗೋಡೆಗೆ ಇಲಿ ಬೋನು, ಪ್ರತಿ ಕಾರಿಗೂ ಬಟ್ಟೆ ಕವರ್. ಕಪ್ಪು ಬಣ್ಣದ ಒಂದು ಲ್ಯಾನ್ಸರ್ ಇವೋ, ಹಳೇ ಮರ್ಸಿಡಿಸ್ ಒಂದು, ಹಳದಿ ಬಾಕ್ಸ್‌ಟರ್ ಒಂದು. ನಡೆಸುವವರು ಮಾತಾಡಿದ್ದೂ ವಿಷಯ ಗೊತ್ತಿರುವವರ ಹಾಗೇ. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ, ಅದು ಗಾಳಿಯ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪ್ ತಿನ್ನುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿದರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಎಲ್ಲ ನಿಜವೇ. ಆ ನಿಜದ ಬೆನ್ನಿಗೇ ಸೇರಿಸಿದರು: "ಅದಕ್ಕೇ ಸರ್, ಕೀ ನಮ್ಮ ಹತ್ರ ಇರ್ಬೇಕು. ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಒಂಚೂರು ಹಿಂದೆ ಮುಂದೆ ಮಾಡ್ತೀವಿ. ಕಾಂಪೌಂಡ್ ಒಳಗೇ."

ಕಾಂಪೌಂಡ್ ಒಳಗೇ. ಈ ಮಾತು ನೆನಪಿಟ್ಟುಕೊಳ್ಳಿ.

ತಿಂಗಳಿಗೆ 14,000, ಮೂರು ತಿಂಗಳ ಅಡ್ವಾನ್ಸ್. ಅಗ್ರಿಮೆಂಟಿನಲ್ಲಿ "ವಾಹನವನ್ನು ಸುಸ್ಥಿತಿಯಲ್ಲಿಡಲು ಅಗತ್ಯವಿರುವಷ್ಟು ಚಲಾಯಿಸುವುದು" ಅಂತ ಒಂದು ಸಾಲು. ಎಲ್ಲಿ, ಎಷ್ಟು, ಯಾರು ಅಂತ ಇರಲಿಲ್ಲ. ಕೇಳಿದ್ದೆ. "ಅದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಸರ್, ಎಲ್ಲರಿಗೂ ಅದೇ" ಅಂದರು. ಮೀಟರಿನ ಫೋಟೋ ಅವರೂ ತೆಗೆದುಕೊಂಡರು, ನಾನೂ ತೆಗೆದುಕೊಂಡೆ.

ಕೆಲವು ತಿಂಗಳು ಏನೂ ಇಲ್ಲ. ವಾಟ್ಸಾಪಿನಲ್ಲಿ ಕಾರಿನ ಫೋಟೋ ಬರುತ್ತಿತ್ತು. ಆಮೇಲೆ ಒಂದು ಭಾನುವಾರ ಬೆಳಗ್ಗೆ, ಇನ್ನೂ ಹಾಸಿಗೆಯಲ್ಲಿದ್ದೆ, ಫೋನಿಗೆ ಫಾಸ್ಟ್ಯಾಗ್ ಮೆಸೇಜು. ಏರ್‌ಪೋರ್ಟ್ ರಸ್ತೆಯ ಸಾದಹಳ್ಳಿ ಟೋಲಿನಲ್ಲಿ ದುಡ್ಡು ಕಟ್ಟಾಗಿದೆ. ಸಮಯ ಬೆಳಗ್ಗೆ ಆರೂ ಆಗಿರಲಿಲ್ಲ. ಗಾಡಿ ನಂಬರ್ ಎರಡು ಸಲ ಓದಿದೆ. ಸ್ಟಾರ್ಮ್‌ದೇ. ಭಾನುವಾರ ಆ ಹೊತ್ತಿಗೆ ಆ ರಸ್ತೆಯಲ್ಲಿ ಓಪನ್ ಕಾರು ಎಲ್ಲಿಗೆ ಹೋಗುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ನಂದಿ ಬೆಟ್ಟ.

ತಕ್ಷಣ ಫೋನ್ ಮಾಡಿದೆ. ಎತ್ತಲಿಲ್ಲ. ಹತ್ತು ಗಂಟೆ ಮೇಲೆ ಅವರೇ ಮಾಡಿದರು.

"ಸರ್, ಗಾಡಿ ಇಲ್ಲೇ ಇದೆ. ಫಾಸ್ಟ್ಯಾಗ್ ಎಷ್ಟೋ ಸಲ ತಪ್ಪು ಕಟ್ಟಾಗತ್ತೆ, ಪೇಪರ್‌ನಲ್ಲೂ ಬಂದಿತ್ತಲ್ಲ."

ಹಾಗೆ ಕಟ್ಟಾಗುವುದೂ ಉಂಟು, ನಿಜ. ಫೋಟೋ ಕಳಿಸಿ ಅಂದೆ. ಕಳಿಸಿದರು. ಕವರ್ ಹಾಕಿದ ಕಾರು. ಕವರ್ ಒಳಗೆ ಯಾವ ಕಾರಿದೆ ಅಂತ ಯಾರಿಗೆ ಗೊತ್ತು? ಕವರ್ ತೆಗೆದು ವಿಡಿಯೋ ಕಾಲ್ ಮಾಡಿ ಅಂದರೆ "ಇವತ್ತು ಸಂಡೇ, ಹುಡುಗ ಇಲ್ಲ, ನಾನೂ ಊರಲ್ಲಿಲ್ಲ" ಅಂದರು. ಗಾಡಿ ಇಲ್ಲೇ ಇದೆ ಅಂತ ಅರ್ಧ ನಿಮಿಷದ ಹಿಂದೆ ಹೇಳಿದ ಅದೇ ಮನುಷ್ಯ!

ಅವತ್ತು ಮಧ್ಯಾಹ್ನ ಹೋದರೆ ಗೇಟಿಗೆ ಬೀಗ. ಮಾರನೇ ದಿನ ಕಾರು ಒಳಗಿತ್ತು, ಒರೆಸಿ ನಿಲ್ಲಿಸಿದ್ದರು. ಆದರೆ ಅಷ್ಟರಲ್ಲಿ ಟ್ರಾಫಿಕ್ ಪೊಲೀಸರ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿದ್ದೆ. ಹೆಬ್ಬಾಳದ ಹತ್ತಿರ ಕ್ಯಾಮೆರಾ ಹಾಕಿದ ಸೀಟ್ ಬೆಲ್ಟ್ ಕೇಸು. ಅದೂ ಈ ಭಾನುವಾರದ್ದಲ್ಲ, ಅದಕ್ಕೂ ಹಿಂದಿನದು. ಜೊತೆಗೆ ಫೋಟೋ. ನನ್ನ ಕಾರು, ಹುಡ್ ಕೆಳಗೆ ಇಳಿಸಿದೆ, ಸ್ಟೀರಿಂಗ್ ಹಿಂದೆ ಕೂಲಿಂಗ್ ಗ್ಲಾಸ್ ಹಾಕಿದ ಯಾರೋ ಒಬ್ಬ. ಯಾರೋ! ನನ್ನ ಹೆಂಡತಿ ಮಕ್ಕಳನ್ನು ಬಿಟ್ಟರೆ ಆ ಕಾರಿನಲ್ಲಿ ನಾನು ಯಾರನ್ನೂ ಕೂರಿಸಿದವನಲ್ಲ. ಆ ಫೋಟೋ ನೋಡುತ್ತ ಕೂತಾಗ ಆದ ಅವಮಾನ ನನಗೆ ಬರೆಯಲು ಬರುವುದಿಲ್ಲ.

ಫೋಟೋ ಮುಂದಿಟ್ಟೆ. ಮಾತು ತಟ್ಟನೆ ಬದಲಾಯಿತು. "ಹುಡುಗ ಹೊಸಬ ಸರ್, ಗೊತ್ತಾಗ್ದೆ ತಗೊಂಡು ಹೋಗಿದಾನೆ, ಕೆಲಸದಿಂದ ತೆಗೆದುಹಾಕ್ತೀವಿ." ಸರಿ, ಹಾಗಾದರೆ ಮೀಟರ್ ನೋಡೋಣ ಅಂದೆ. ನನ್ನ ಫೋಟೋಗೂ ಮೀಟರಿಗೂ 600 ಕಿಲೋಮೀಟರಿಗಿಂತ ಜಾಸ್ತಿ ವ್ಯತ್ಯಾಸ. "ಬ್ಯಾಟರಿ ಚಾರ್ಜ್ ಆಗ್ಬೇಕಲ್ಲ ಸರ್, ಓಡಿಸಲೇಬೇಕು. ಅಗ್ರಿಮೆಂಟಲ್ಲೇ ಇದೆ ನೋಡಿ." ಬ್ಯಾಟರಿ ಚಾರ್ಜ್ ಮಾಡಲು ಯಾರಾದರೂ ನಂದಿಗೆ ಹೋಗುತ್ತಾರಾ? ಒಂದು ನಿಮಿಷದ ಹಿಂದೆ ಹುಡುಗನ ತಪ್ಪು, ಈಗ ಅಗ್ರಿಮೆಂಟ್!

ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದೆ. ಬಾನೆಟ್ ಮೇಲೆ ಡಬಲ್ ಸೈಡ್ ಟೇಪಿನ ಅಂಟು, ಸಾಲಾಗಿ. ಸೀಟಿನ ಸಂದಿಯಲ್ಲಿ ಒಣಗಿದ ಗುಲಾಬಿ ಎಸಳು, ಬಣ್ಣದ ಕಾಗದದ ಚೂರು. ಸೀಟಿನ ಹಿಂದೆ ಡಿಕ್ಕಿಯ ಮೇಲ್ಭಾಗದಲ್ಲಿ ಪೇಂಟು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಕಬ್ಬಿಣದ ಬಾಡಿಯಾದರೆ ತಗ್ಗಾಗುತ್ತದೆ, ಫೈಬರ್ ಮೇಲೆ ಭಾರ ಬಿದ್ದರೆ ಹೀಗೇ ಒಡೆಯುವುದು. ಯಾರೋ ಅಲ್ಲಿ ಹತ್ತಿ ಕೂತಿದ್ದಾರೆ. ಯಾಕೆ ಕೂತಿದ್ದಾರೆ ಅಂತ ಆ ವಾರವೇ ಗೊತ್ತಾಯಿತು. ನಮ್ಮ ಚಿಕ್ಕಪ್ಪನ ಮಗಳು ಒಂದು ಪ್ರೀ ವೆಡ್ಡಿಂಗ್ ಶೂಟ್ ರೀಲ್ಸ್ ಕಳಿಸಿ, "ಅಣ್ಣಾ, ಕಾರು ಬಾಡಿಗೆಗೆ ಬಿಡ್ತಿದೀಯಾ? ಹೇಳ್ಲೇ ಇಲ್ಲ!" ಅಂತ ಕೇಳಿದಳು. ಮದುವೆ ಗಂಡು ಹೆಣ್ಣು ಇಬ್ಬರೂ ಡಿಕ್ಕಿ ಮೇಲೆ ಕೂತು, ಕಾಲು ಸೀಟಿನ ಮೇಲಿಟ್ಟುಕೊಂಡು ನಗುತ್ತಿದ್ದಾರೆ. ಪಾಪ, ಅವರಿಗೇನು ಗೊತ್ತು, ದುಡ್ಡು ಕೊಟ್ಟು ತಗೊಂಡಿದ್ದಾರೆ. ಆದರೆ ನೆಂಟರಲ್ಲೆಲ್ಲ ಈಗ ನಾನು ಕಾರು ಬಾಡಿಗೆಗೆ ಬಿಡುವವನು. ಎಷ್ಟು ಜನಕ್ಕೆ ಅಂತ ವಿವರಿಸುವುದು?

ರೀಲ್ಸ್ ತೋರಿಸಿದ ಮೇಲೆ ಬಂದ ಉತ್ತರ ಕೇಳಿ: "ಸರ್, ಕಾರು ಸುಮ್ನೆ ನಿಂತಿರತ್ತೆ. ಮೊದಲೇ ಹೇಳಿದ್ರೆ ನಿಮಗೂ ಒಂದು ಪರ್ಸೆಂಟೇಜ್ ಕೊಡ್ತಿದ್ವಿ."

ನಾನು ಹೇಳಬೇಕಿತ್ತಂತೆ. ನನ್ನ ಕಾರನ್ನು ಕದ್ದು ಬಾಡಿಗೆಗೆ ಬಿಡಿ ಅಂತ ನಾನು ಮೊದಲೇ ಹೇಳಬೇಕಿತ್ತಂತೆ!

ಕಾರು ತಗೊಂಡು ಹೋಗುತ್ತೇನೆ ಅಂದರೆ ಆ ತಿಂಗಳ ಬಾಡಿಗೆ ಕಟ್ಟಿ, ನೋಟಿಸ್ ಪೀರಿಯಡ್ ದುಡ್ಡು ಕಟ್ಟಿ, ಆಮೇಲೆ ಗಾಡಿ ಅಂದರು. 112ಕ್ಕೆ ಫೋನ್ ಮಾಡಿದೆ. ಹೊಯ್ಸಳ ಬಂತು. ಪೊಲೀಸರು ಗೇಟಿನಲ್ಲಿ ನಿಂತ ಮೇಲೆ ಕೀ ಕೈಗೆ ಬಂತು, ಅಡ್ವಾನ್ಸ್ ಬರಲಿಲ್ಲ. ಸ್ಟೇಷನ್ನಿನಲ್ಲಿ ದೂರು ಕೊಟ್ಟರೆ "ಅಗ್ರಿಮೆಂಟ್ ಇದೆ, ಇದು ಸಿವಿಲ್ ವಿಷಯ" ಅಂತ ಹಿಂಬರಹ ಕೊಟ್ಟು ಕಳಿಸಿದರು.

ವಕೀಲರ ಹತ್ತಿರ ಹೋದ ಮೇಲೆ ಗೊತ್ತಾದದ್ದು ಹೇಳುತ್ತೇನೆ, ನಿಮಗೂ ಬೇಕಾಗಬಹುದು. ನಮ್ಮ ವಸ್ತು ಇನ್ನೊಬ್ಬರ ವಶಕ್ಕೆ ಇಡಲು ಕೊಟ್ಟರೆ 1872ರ ಕರಾರು ಕಾಯ್ದೆ ಅನ್ವಯಿಸುತ್ತದೆ. ಸೆಕ್ಷನ್ 151ರ ಪ್ರಕಾರ, ಸಾಮಾನ್ಯ ವಿವೇಕ ಇರುವವನು ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅವರೂ ಅದನ್ನು ಅಷ್ಟೇ ಜೋಪಾನ ಮಾಡಬೇಕು. ಸೆಕ್ಷನ್ 154 ಇನ್ನೂ ನೇರ: ಒಪ್ಪಿದ್ದು ಬಿಟ್ಟು ಬೇರೆ ಥರ ಬಳಸಿದರೆ, ಆಗುವ ಹಾನಿ ಅವರೇ ಕಟ್ಟಿಕೊಡಬೇಕು. ಇನ್ನು "ಓನರ್ಸ್ ರಿಸ್ಕ್", ಅಂದರೆ ಏನಾದರೂ ಮಾಲೀಕನದೇ ಹೊಣೆ, ಅಂತ ಬೋರ್ಡ್ ಹಾಕಿದರೆ ಕೈ ತೊಳೆದುಕೊಳ್ಳಬಹುದು ಅಂತ ಇವರೆಲ್ಲ ಅಂದುಕೊಂಡಿದ್ದಾರೆ. ದೆಹಲಿಯ ಹೋಟೆಲೊಂದರಲ್ಲಿ ವ್ಯಾಲೆಗೆ, ಅಂದರೆ ಕಾರು ಪಾರ್ಕ್ ಮಾಡಿಕೊಡುವ ಹೋಟೆಲಿನ ಹುಡುಗನಿಗೆ, ಕೊಟ್ಟಿದ್ದ ಮಾರುತಿ ಝೆನ್ ಕಳುವಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ, ಕಾರು ವಶಕ್ಕೆ ತಗೊಂಡವರು ತಮ್ಮ ಅಜಾಗ್ರತೆಗೆ ಆ ಸಾಲಿನ ಹಿಂದೆ ಅಡಗಿಕೊಳ್ಳುವ ಹಾಗಿಲ್ಲ ಅಂತ.

ರಾತ್ರಿ ನಿದ್ದೆ ಕೆಡಿಸುವುದು ಇನ್ನೊಂದು ವಿಷಯ. ನನ್ನದು ವೈಟ್ ಬೋರ್ಡ್ ಕಾರು. ಬಾಡಿಗೆಗೆ ಓಡಿಸಲು ಪ್ರೈವೇಟ್ ಕಾರಿನ ಇನ್ಶೂರೆನ್ಸ್‌ನಲ್ಲಿ ಜಾಗವೇ ಇಲ್ಲ. ನಂದಿಯ ಆ ತಿರುವುಗಳಲ್ಲಿ ಆ ಕೂಲಿಂಗ್ ಗ್ಲಾಸಿನವನು ಯಾರಿಗಾದರೂ ಗುದ್ದಿದ್ದರೆ ನೋಟಿಸ್ ಬರುತ್ತಿದ್ದದ್ದು ಆರ್‌ಸಿಯಲ್ಲಿ ಹೆಸರಿರುವವನಿಗೆ. ಅಂದರೆ ನನಗೆ. ಇನ್ಶೂರೆನ್ಸ್‌ನವರು ಕೈ ಎತ್ತಿದ್ದರೆ ಮನೆ ಕಟ್ಟುವ ದುಡ್ಡೆಲ್ಲ ಅಲ್ಲಿಗೇ.

ಶಾಂತಿನಗರದ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ್ದೇನೆ. ನೋಟಿಸ್ ಹೋದ ಮೇಲೆ ಅರ್ಧ ಅಡ್ವಾನ್ಸ್ ವಾಪಸ್ ಕೊಡುತ್ತೇವೆ, ಕೇಸು ತೆಗೆಯಿರಿ ಅಂತ ಫೋನ್ ಬಂತು. ತೆಗೆಯುವುದಿಲ್ಲ. ಡಿಕ್ಕಿಯ ಫೈಬರ್ ಕೆಲಸ ಮಾಡಿಸಿದರೂ ಬಣ್ಣ ಒಂದಕ್ಕೊಂದು ಹೊಂದುತ್ತಿಲ್ಲ, ಅದಕ್ಕೆ ಯಾರು ಕೊಡುತ್ತಾರೆ?

ನಿಮಗೆ ಹೇಳುವುದು ಇಷ್ಟು. ಕೀ ಕೊಡಬೇಡಿ. ಬೇಕೇ ಬೇಕು ಅನ್ನುವ ಜಾಗ ಬೇಡ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡುವುದರಿಂದ ಕಾರಿಗೆ ಒಳ್ಳೆಯದಾಗುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ ಅಷ್ಟೇ. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಇಲ್ಲವೇ ಬ್ಯಾಟರಿ ಇಳಿಯದ ಹಾಗೆ ನೋಡಿಕೊಳ್ಳುವ ಮೇಂಟೇನರ್ ಚಾರ್ಜರ್ ಹಾಕಿಸಿ. ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಹಿಡಿಸಿ. ಒಂದು ಜಿಪಿಎಸ್ ಟ್ರ್ಯಾಕರ್ ಅವಿತಿಡಿ. ಒರಿಜಿನಲ್ ಆರ್‌ಸಿ ಗಾಡಿಯಲ್ಲಿ ಬಿಡಬೇಡಿ. ಮೀಟರ್ ರೀಡಿಂಗ್ ಅಗ್ರಿಮೆಂಟಿನಲ್ಲೇ ಬರೆಸಿ, ಇಬ್ಬರೂ ಸೈನ್ ಹಾಕಿ. "ಇನ್ಶೂರೆನ್ಸ್ ಇದೆ" ಅಂದರೆ ಪಾಲಿಸಿ ಕಾಪಿ ಕೇಳಿ, ಎಷ್ಟೋ ಸಲ ಅದು ಶೆಡ್ಡಿಗೆ ಮಾತ್ರ ಇರುತ್ತದೆ, ಒಳಗಿನ ಕಾರಿಗಲ್ಲ. ಹೇಳದೆ ಕೇಳದೆ ಹೋಗಿ, ಅದರಲ್ಲೂ ಭಾನುವಾರ ಬೆಳಗ್ಗೆ ಹೋಗಿ. ಒಳಗೆ ಬಿಡಲು ಕುಂಟು ನೆಪ ಹೇಳಿದರೆ ಅವತ್ತೇ ಗಾಡಿ ಎತ್ತಿ.

ಆ ಶೆಡ್ಡಿನಲ್ಲಿ ಕಪ್ಪು ಇವೋ, ಹಳೇ ಮರ್ಸಿಡಿಸ್, ಹಳದಿ ಬಾಕ್ಸ್‌ಟರ್ ಇಟ್ಟಿರುವವರು ಯಾರೋ ನನಗೆ ಗೊತ್ತಿಲ್ಲ, ಫೋನ್ ನಂಬರ್ ಕೇಳಿದರೆ ಶೆಡ್ಡಿನವರು ಕೊಡಲಿಲ್ಲ. ನೀವು ಇದನ್ನು ಓದುತ್ತಿದ್ದರೆ ಇವತ್ತೇ ನಿಮ್ಮ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆಸಿ, ಟ್ರಾಫಿಕ್ ಫೈನ್ ಚೆಕ್ ಮಾಡಿ, ಹೋಗಿ ಮೀಟರ್ ನೋಡಿ. ಏನಾದರೂ ಸಿಕ್ಕಿದರೆ ನನ್ನನ್ನು ಸಂಪರ್ಕಿಸಿ, ನನ್ನ ಹತ್ತಿರ ಇರುವ ದಾಖಲೆ ಎಲ್ಲ ಕೊಡುತ್ತೇನೆ.