ಒಂದೇ ಕೇಬಲ್, ಮೂರು ಜಾಲ: ತೋಟದ ಹೋಮ್‌ಸ್ಟೇಗೆ ಯಾವ ಬಗೆಯ ವಿಲ್ಯಾನ್?

ಒಂದೇ ತಂತಿಜಾಲವನ್ನು ಒಂದಕ್ಕೊಂದು ಕಾಣದ ಹಲವು ಜಾಲಗಳಾಗಿ ಬೇರ್ಪಡಿಸುವುದಕ್ಕೆ ವಿಲ್ಯಾನ್ ಎನ್ನುತ್ತಾರೆ. ಅದನ್ನು ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಸ್ವಿಚ್ (ಹಲವು ಯಂತ್ರಗಳ ಕೇಬಲ್ ಸೇರಿಸುವ ಡಬ್ಬ) ಕೊಳ್ಳಲಿ ಎಂದು. ನಾನು ಕೇಳುವುದು ಬೇರೆ: ಕಟ್ಟಡದಿಂದ ಕಟ್ಟಡಕ್ಕೆ ಎಷ್ಟು ಕೇಬಲ್ ಹೋಗಿದೆ, ಇನ್ನೊಂದನ್ನು ಎಳೆಯಲು ಸಾಧ್ಯವೇ? ಕೊಡಗಿನ ತೋಟಗಳಲ್ಲಿ ಸ್ವಿಚ್ಚಿಗಿಂತ ಕೇಬಲ್ ದುಬಾರಿ. ಸ್ವಿಚ್ ಕುಶಾಲನಗರದ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಕ್ಕಿಬಿಡುತ್ತದೆ. ಕೇಬಲ್ಲಿಗಾದರೆ ಕಾಫಿ ಗಿಡಗಳ ಸಾಲಿನ ನಡುವೆ ಕಾಲುವೆ ತೋಡಬೇಕು, ಬೇರು ತಪ್ಪಿಸಬೇಕು, ಪೈಪಿಗೆ ನೀರು ನುಗ್ಗದಂತೆ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೆಲಸಕ್ಕೆ ಕೈಹಾಕುವಂತೆಯೇ ಇಲ್ಲ.

ನಾನು ವಿಲ್ಯಾನ್‌ನ ಬೇರೆ ಬೇರೆ ಬಗೆಗಳನ್ನು ಪರೀಕ್ಷಿಸಿದ್ದು ಸುಂಟಿಕೊಪ್ಪದ ಹತ್ತಿರ ನಮ್ಮ ಭಾವನ ತೋಟದಲ್ಲಿ. ಇಂಟರ್ನೆಟ್ ಬಂದು ಇಳಿಯುವುದು ಬಂಗಲೆಯ ಕಚೇರಿ ಕೋಣೆಗೆ. ಅಲ್ಲಿಂದ ಒಂದೇ ಒಂದು ಕೇಬಲ್ ಗೋದಾಮಿಗೆ ಹೋಗುತ್ತದೆ. ಗೋದಾಮಿನ ಪಕ್ಕದಲ್ಲೇ ಅತಿಥಿಗಳ ಕಾಟೇಜುಗಳು, ಮುಂದೆ ಕಾಫಿ ಒಣಗಿಸುವ ಕಣ. ಗೋದಾಮಿನಲ್ಲಿ ರೈಟರ್ ಕುಳಿತು ಕೂಲಿ ಲೆಕ್ಕ ಬರೆಯುವ ಕಂಪ್ಯೂಟರ್ ಮತ್ತು ಪ್ರಿಂಟರ್ ಇವೆ, ಕಣಕ್ಕೆ ಮುಖ ಮಾಡಿದ ಕ್ಯಾಮೆರಾಗಳಿವೆ, ಕಾಟೇಜುಗಳಿಗೆ ವೈಫೈ ಹಂಚುವ ಆಕ್ಸೆಸ್ ಪಾಯಿಂಟುಗಳಿವೆ. ಭಾವನ ಬೇಡಿಕೆ ಚಿಕ್ಕದು: "ಅತಿಥಿಗಳು ಏನು ಬೇಕಾದರೂ ನೋಡಿಕೊಳ್ಳಲಿ, ನನ್ನ ಕೂಲಿ ಪುಸ್ತಕವೂ ಕ್ಯಾಮೆರಾವೂ ಅವರಿಗೆ ಸಿಗಬಾರದು. ಇನ್ನೊಂದು ಸಲ ತೋಟ ಅಗೆಸುವ ಮಾತು ಮಾತ್ರ ಎತ್ತಬೇಡ."

ಸಾದಾ ಸ್ವಿಚ್ಚಿನಲ್ಲಿ ಇದು ಏಕೆ ಆಗುವುದಿಲ್ಲ? ಯಾವ ಎಂಎಸಿ ವಿಳಾಸ (ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತು) ಯಾವ ಪೋರ್ಟಿನ, ಅಂದರೆ ಕೇಬಲ್ ಸಿಕ್ಕಿಸುವ ಜಾಗದ, ಹಿಂದಿದೆ ಎಂಬುದನ್ನು ಸ್ವಿಚ್ ಕಲಿತು ಪಟ್ಟಿ ಮಾಡಿಕೊಳ್ಳುತ್ತದೆ, ಅದರಂತೆ ಫ್ರೇಮುಗಳನ್ನು (ಮಾಹಿತಿಯ ಕಟ್ಟುಗಳನ್ನು) ಕಳುಹಿಸುತ್ತದೆ. ಆದರೆ ಪಟ್ಟಿಯಲ್ಲಿಲ್ಲದ ವಿಳಾಸಕ್ಕೆ ಹೋಗುವ ಫ್ರೇಮನ್ನೂ 'ಎಲ್ಲರೂ ಕೇಳಿ' ಎಂಬ ಬ್ರಾಡ್‌ಕಾಸ್ಟನ್ನೂ ಎಲ್ಲ ಪೋರ್ಟುಗಳಿಗೆ ಸುರಿಯುತ್ತದೆ. ವಿಳಾಸ ಕೇಳುವ ಡಿಎಚ್‌ಸಿಪಿ, ಪಕ್ಕದವರನ್ನು ಹುಡುಕುವ ಎಆರ್‌ಪಿ, ಪ್ರಿಂಟರ್ ತನ್ನ ಇರವನ್ನು ಸಾರಿಕೊಳ್ಳುವುದು ಎಲ್ಲವೂ ಹೀಗೇ ನಡೆಯುತ್ತವೆ. ಕಾಟೇಜಿನಲ್ಲಿ ಕುಳಿತವರ ಫೋನಿನಲ್ಲಿ ರೈಟರ್‌ನ ಪ್ರಿಂಟರ್ ತಾನಾಗಿ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಈ ಸುರಿಯುವಿಕೆಗೆ ಗಡಿ ಹಾಕುವುದೇ ವಿಲ್ಯಾನ್. ಗಡಿ ಹಾಕುವ ದಾರಿಗಳು ಮಾತ್ರ ಹಲವು, ಅವುಗಳ ಗುಣವೂ ಬೇರೆ ಬೇರೆ.

ಮೊದಲನೆಯ ದಾರಿಗೆ ವಿಲ್ಯಾನ್ ಎಂಬ ಹೆಸರೂ ಇಲ್ಲ: ಜಾಲಕ್ಕೊಂದು ಸಾದಾ ಸ್ವಿಚ್ ಇಟ್ಟುಬಿಡುವುದು. ಇದನ್ನು ಹಗುರವಾಗಿ ಕಾಣುವವರಿದ್ದಾರೆ, ನಾನು ಕಾಣುವುದಿಲ್ಲ. ಪಾಸ್‌ವರ್ಡ್ ಇಲ್ಲ, ಸೆಟ್ಟಿಂಗ್ ಇಲ್ಲ, ಕರೆಂಟ್ ಹೋಗಿ ಬಂದರೆ ಮರೆಯುವುದಕ್ಕೆ ಏನೂ ಇಲ್ಲ. ವಿರಾಜಪೇಟೆಯ ಪೇಟೆಬೀದಿಯಲ್ಲಿ ಒಂದೇ ಕೋಣೆಯ ಅಂಗಡಿ ಇಟ್ಟವರು ರೂಟರಿನ ಎರಡು ಪೋರ್ಟುಗಳಿಗೆ ಎರಡು ಜಾಲ ಕೊಟ್ಟು, ಎರಡು ಸ್ವಿಚ್ ತಗುಲಿಸಿದರೆ ಕೆಲಸ ಮುಗಿಯಿತು. ಭಾವನ ತೋಟದಲ್ಲಿ ಮೂರು ಜಾಲಕ್ಕೆ ಮೂರು ಕೇಬಲ್ ಬೇಕಾಗುತ್ತದೆ, ಅಲ್ಲಿಗೆ ಈ ದಾರಿ ಮುಚ್ಚಿತು.

ಮುಂದಿನ ಮೂರು ದಾರಿಗಳೂ ಒಂದೇ ಡಬ್ಬದೊಳಗೆ ಸಿಗುತ್ತವೆ. 'ಈಸಿ ಸ್ಮಾರ್ಟ್' ಎಂಬ ಹೆಸರಿನಲ್ಲಿ ಟಿಪಿ-ಲಿಂಕ್ ಮಾರುವ ಎಂಟು ಪೋರ್ಟಿನ ಸ್ವಿಚ್ಚಿನ ಪುಟ ತೆರೆದರೆ ಎಂಟಿಯು ವಿಲ್ಯಾನ್, ಪೋರ್ಟ್ ಆಧಾರಿತ ವಿಲ್ಯಾನ್, 802.1ಕ್ಯೂ ವಿಲ್ಯಾನ್ ಎಂಬ ಮೂರು ಆಯ್ಕೆಗಳು ಸಾಲಾಗಿ ಕಾಣುತ್ತವೆ. ಒಂದನ್ನು ಚಾಲೂ ಮಾಡಿದರೆ ಉಳಿದೆರಡು ಬಂದ್ ಆಗುತ್ತವೆ. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಅನುಕೂಲ ಬೇಕೇ?

ಎಂಟಿಯು ವಿಲ್ಯಾನ್‌ಗೂ ಪ್ಯಾಕೆಟ್ ಗಾತ್ರ ಹೇಳುವ ಎಂಟಿಯುಗೂ ಸಂಬಂಧವಿಲ್ಲ. ಹಲವು ಬಾಡಿಗೆದಾರರಿರುವ ಕಟ್ಟಡಕ್ಕೆಂದು ಮಾಡಿದ್ದು ಇದು. ಒಂದು ಪೋರ್ಟನ್ನು ಮೇಲ್ಮುಖದ ಪೋರ್ಟ್ ಎಂದು ಗುರುತಿಸಿದರೆ ಸಾಕು. ಉಳಿದ ಪ್ರತಿ ಪೋರ್ಟೂ ಅದರೊಂದಿಗೆ ಮಾತ್ರ ಮಾತನಾಡುತ್ತದೆ, ತಮ್ಮತಮ್ಮೊಳಗೆ ಮಾತಿಲ್ಲ. ಕಾಟೇಜುಗಳ ಮಟ್ಟಿಗೆ ಇದು ಅದ್ಭುತ: ಒಂದು ಕಾಟೇಜಿನವರ ಲ್ಯಾಪ್‌ಟಾಪ್ ಪಕ್ಕದ ಕಾಟೇಜಿನವರಿಗೆ ಕಾಣುವುದೇ ಇಲ್ಲ. ಆದರೆ ಗೋದಾಮಿನಲ್ಲಿ ಇದನ್ನು ಚಾಲೂ ಮಾಡಿದ ಗಳಿಗೆಯಿಂದ ರೈಟರ್‌ನ ಕಂಪ್ಯೂಟರಿನಿಂದ ಪ್ರಿಂಟರಿಗೆ ಒಂದು ಚೀಟಿಯೂ ಹೋಗಲಿಲ್ಲ. ಎರಡೂ ಒಂದೇ ಸಬ್‌ನೆಟ್ಟಿನಲ್ಲಿ, ಅಂದರೆ ಒಂದೇ ಗುಂಪಿನ ಐಪಿ ವಿಳಾಸಗಳಲ್ಲಿ, ಇರುವುದರಿಂದ ಕಂಪ್ಯೂಟರ್ ಪ್ರಿಂಟರನ್ನು ನೇರವಾಗಿ ಕೂಗುತ್ತದೆ. ಆ ಕೂಗು ಮೇಲ್ಮುಖದ ಪೋರ್ಟಿನಿಂದ ಹೊರಟು ರೂಟರ್‌ವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಬಂದ ದಾರಿಯಲ್ಲೇ ಬ್ರಾಡ್‌ಕಾಸ್ಟನ್ನು ವಾಪಸು ಕಳುಹಿಸುವುದು ಯಾರ ಕೆಲಸವೂ ಅಲ್ಲ. ಬರೀ ಕೋಣೆಗಳಿರುವ ಲಾಡ್ಜಿಗೆ ಇದನ್ನೇ ಹೇಳುತ್ತೇನೆ, ಕಚೇರಿ ಇರುವಲ್ಲಿಗೆ ಹೇಳುವುದಿಲ್ಲ.

ಪೋರ್ಟ್ ಆಧಾರಿತ ವಿಲ್ಯಾನ್ ಇನ್ನೂ ಸರಳ. ಒಂದರಿಂದ ಮೂರನೆಯ ಪೋರ್ಟ್‌ವರೆಗೆ ಕಚೇರಿ, ನಾಲ್ಕರಿಂದ ಆರರವರೆಗೆ ಅತಿಥಿಗಳು ಎಂದು ಗುಂಪು ಮಾಡಿದರಾಯಿತು; ಒಂದು ಸ್ವಿಚ್ಚನ್ನು ಕೊಯ್ದು ಎರಡು ಮಾಡಿದಂತೆಯೇ. ಪ್ರಿಂಟರ್ ಮತ್ತೆ ಮಾತನಾಡಿತು, ರೈಟರ್ ನಿಟ್ಟುಸಿರು ಬಿಟ್ಟರು. ಆದರೆ ಈ ಗುಂಪುಗಾರಿಕೆ ಆ ಡಬ್ಬದ ತಲೆಯೊಳಗೆ ಮಾತ್ರ ಇರುತ್ತದೆ. ಫ್ರೇಮ್ ಹೊರಗೆ ಹೋಗುವಾಗ ತಾನು ಯಾವ ಗುಂಪಿನದು ಎಂಬ ಯಾವ ಕುರುಹನ್ನೂ ಹೊತ್ತೊಯ್ಯುವುದಿಲ್ಲ. ಹಾಗಾಗಿ ಬಂಗಲೆಯ ಸ್ವಿಚ್ಚಿಗೂ ಗೋದಾಮಿನ ಸ್ವಿಚ್ಚಿಗೂ ನಡುವೆ ಗುಂಪಿಗೊಂದು ಕೇಬಲ್ ಬೇಕು, ಮತ್ತೆ ಅದೇ ಅಗೆತದ ಕಥೆ. ಎರಡು ಕೇಬಲ್ ಇದ್ದರೂ ಒಂದು ತೊಡಕುಂಟು: ಲೂಪ್ (ಫ್ರೇಮುಗಳು ಸುತ್ತುತ್ತಲೇ ಇರುವುದು) ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ವಿಧಾನಕ್ಕೆ ವಿಲ್ಯಾನ್ ಗೊತ್ತಿಲ್ಲ. ಎರಡು ಸ್ವಿಚ್ಚಿನ ನಡುವೆ ಎರಡು ಕೇಬಲ್ ಕಂಡರೆ ಅದು ಒಂದನ್ನು ಮುಚ್ಚಿಬಿಡುತ್ತದೆ.

ಉಳಿದದ್ದು 802.1ಕ್ಯೂ. ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಇದನ್ನು ಮಾನದಂಡವಾಗಿ ಮೊದಲು ಪ್ರಕಟಿಸಿದ್ದು 1998ರಲ್ಲಿ. ಅದಕ್ಕೂ ಮೊದಲು ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋ ಕಂಪನಿಯ ಐಎಸ್‌ಎಲ್ ಎಂಬ ಸ್ವಂತ ವಿಧಾನವಿತ್ತು. ಅದು ಇಡೀ ಫ್ರೇಮನ್ನು ಇನ್ನೊಂದು ಹೊದಿಕೆಯಲ್ಲಿ ಸುತ್ತಿ 30 ಬೈಟ್ ಸೇರಿಸುತ್ತಿತ್ತು. 802.1ಕ್ಯೂ ಸೇರಿಸುವುದು ಬರೀ ನಾಲ್ಕು ಬೈಟಿನ ಒಂದು ಗುರುತು, ಅದೂ ಫ್ರೇಮಿನ ಒಳಗೇ. ಇದಕ್ಕೇ ಟ್ಯಾಗ್ ಎನ್ನುವುದು, ಫ್ರೇಮ್ ಯಾವ ವಿಲ್ಯಾನ್‌ನದು ಎಂಬ ಸಂಖ್ಯೆ ಇದರಲ್ಲಿರುತ್ತದೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹತ್ತಾರು ಬೆಳೆಗಾರರ ಚೀಲಗಳು ಒಂದೇ ಬಾಗಿಲಿನಿಂದ ಒಳಗೆ ಹೋದರೂ ಚೀಲದ ಮೇಲಿನ ಗುರುತಿನಿಂದ ಯಾರದು ಯಾವುದು ಎಂದು ತಿಳಿಯುತ್ತದಲ್ಲ, ಈ ಟ್ಯಾಗಿನ ಕೆಲಸವೂ ಅಷ್ಟೇ.

ಕಚೇರಿಗೆ 10, ಅತಿಥಿಗಳಿಗೆ 20, ಕ್ಯಾಮೆರಾಗಳಿಗೆ 30 ಎಂದು ಸಂಖ್ಯೆ ಕೊಟ್ಟೆ. ಸಂಖ್ಯೆಗೆ ಮೀಸಲಿರುವುದು 12 ಬಿಟ್. 0 ಮತ್ತು 4095 ಕಾದಿರಿಸಿದವು, ಆದ್ದರಿಂದ 1ರಿಂದ 4094ರವರೆಗೆ ಯಾವುದನ್ನಾದರೂ ಇಡಬಹುದು. ಬಂಗಲೆ ಮತ್ತು ಗೋದಾಮಿನ ಎರಡೂ ಸ್ವಿಚ್ಚುಗಳ ಎಂಟನೆಯ ಪೋರ್ಟ್ ಮೂರೂ ವಿಲ್ಯಾನ್‌ಗಳಿಗೆ ಟ್ಯಾಗ್ಡ್, ಅಂದರೆ ಫ್ರೇಮುಗಳು ಅಲ್ಲಿಂದ ಟ್ಯಾಗ್ ಹೊತ್ತೇ ಹೊರಡುತ್ತವೆ. ಪ್ರಿಂಟರ್, ಕ್ಯಾಮೆರಾ, ಕಂಪ್ಯೂಟರ್ ಇರುವ ಪೋರ್ಟುಗಳು ತಮ್ಮ ತಮ್ಮ ವಿಲ್ಯಾನ್‌ಗೆ ಅನ್‌ಟ್ಯಾಗ್ಡ್ (ಟ್ಯಾಗ್ ಕಿತ್ತು ಕಳುಹಿಸುವಂಥವು), ಏಕೆಂದರೆ ಆ ಯಂತ್ರಗಳಿಗೆ ಟ್ಯಾಗ್ ಎಂದರೇನೆಂದೇ ಗೊತ್ತಿಲ್ಲ. ಸಿಸ್ಕೋ ಭಾಷೆಯಲ್ಲಿ ಮೊದಲನೆಯದು ಟ್ರಂಕ್, ಎರಡನೆಯದು ಆಕ್ಸೆಸ್.

ಆ ಒಂದೇ ಕೇಬಲ್ಲಿನಲ್ಲಿ ನಿಜವಾಗಿ ಏನು ಹರಿಯುತ್ತಿದೆ ಎಂದು ನೋಡುವ ಆಸೆಯಾಗಿ, ಲಿನಕ್ಸ್ ಇರುವ ಲ್ಯಾಪ್‌ಟಾಪನ್ನು ಟ್ಯಾಗ್ಡ್ ಪೋರ್ಟಿಗೆ ಸಿಕ್ಕಿಸಿ, ಹರಿಯುವ ಫ್ರೇಮುಗಳನ್ನು ತೆರೆದು ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶ ಓಡಿಸಿದೆ. ವಿಂಡೋಸಿನಲ್ಲಿ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಅನೇಕ ಸಲ ಟ್ಯಾಗನ್ನು ತಾನೇ ಕಿತ್ತು ಬಿಸಾಡುತ್ತದೆ, ಅಲ್ಲಿ ಹುಡುಕಿ ಸುಸ್ತಾಗಬೇಡಿ. ಫ್ರೇಮಿನ ಮೊದಲ 12 ಬೈಟ್ ಹೋಗಬೇಕಾದವರ ಮತ್ತು ಕಳುಹಿಸಿದವರ ಎಂಎಸಿ ವಿಳಾಸ. ಅದರ ಬೆನ್ನಿಗೇ ಕಂಡದ್ದು: 81 00 00 14. ಮೊದಲ ಎರಡು ಬೈಟ್ 'ಇಲ್ಲಿ ಟ್ಯಾಗ್ ಇದೆ' ಎಂಬ ಸೂಚನೆ. ಮುಂದಿನ ಎರಡರಲ್ಲಿ ಮೊದಲ ಮೂರು ಬಿಟ್ ಆದ್ಯತೆಗೆ, ಒಂದು ಬಿಟ್ ದಟ್ಟಣೆಯಾದಾಗ ಕೈಬಿಡಬಹುದೇ ಎಂಬುದಕ್ಕೆ, ಉಳಿದ 12 ಬಿಟ್ ಸಂಖ್ಯೆಗೆ. ಹದಿನಾರರ ಲೆಕ್ಕದಲ್ಲಿ 14 ಎಂದರೆ ನಮ್ಮ ಲೆಕ್ಕದ 20. ಯಾವುದೋ ಕಾಟೇಜಿನ ಫೋನ್ ಅದು. ವಿಲ್ಯಾನ್ ಬಗ್ಗೆ ಎಷ್ಟು ಪುಟ ಓದಿದರೂ ಬಾರದ ನಂಬಿಕೆ ಆ ನಾಲ್ಕು ಬೈಟ್ ನೋಡಿದಾಗ ಬರುತ್ತದೆ.

ಈ ಡಬ್ಬಗಳಲ್ಲಿ 802.1ಕ್ಯೂ ಕೈಕೊಡುವ ಜಾಗ ಒಂದೇ, ಅದು ಪಿವಿಐಡಿ. ಯಾವ ವಿಲ್ಯಾನ್‌ನ ಫ್ರೇಮುಗಳು ಈ ಪೋರ್ಟಿನಿಂದ ಹೊರಹೋಗಬಹುದು ಎಂಬುದನ್ನು ಒಂದು ಪುಟದಲ್ಲಿ ಹೇಳಬೇಕು. ಟ್ಯಾಗ್ ಇಲ್ಲದೆ ಒಳಬಂದ ಫ್ರೇಮನ್ನು ಯಾವ ವಿಲ್ಯಾನ್‌ಗೆ ಸೇರಿಸಬೇಕು ಎಂಬುದನ್ನು ಪಿವಿಐಡಿಯ ಇನ್ನೊಂದು ಪುಟದಲ್ಲಿ ಹೇಳಬೇಕು. ಬೇಕೆಂದೇ ಮೂರನೆಯ ಪೋರ್ಟನ್ನು 20ಕ್ಕೆ ಅನ್‌ಟ್ಯಾಗ್ಡ್ ಮಾಡಿ ಪಿವಿಐಡಿಯನ್ನು 1ರಲ್ಲೇ ಬಿಟ್ಟು ನೋಡಿದೆ. ದೀಪ ಉರಿಯುತ್ತದೆ, ಅತಿಥಿಗಳ ಜಾಲದ ಎಆರ್‌ಪಿ ಕೂಗುಗಳು ಲ್ಯಾಪ್‌ಟಾಪಿಗೆ ಕೇಳಿಸುತ್ತಲೂ ಇವೆ, ಆದರೆ ಲ್ಯಾಪ್‌ಟಾಪಿಗೆ ವಿಳಾಸ ಮಾತ್ರ ಸಿಗದೆ ಅದು 169.254ರಿಂದ ಶುರುವಾಗುವ ಒಂದನ್ನು ತಾನೇ ಇಟ್ಟುಕೊಂಡು ಕೂರುತ್ತದೆ. ಕಿವಿ 20ರಲ್ಲಿ, ಬಾಯಿ 1ರಲ್ಲಿ! 'ವಿಲ್ಯಾನ್ ಮಾಡಿದೆ, ಇಂಟರ್ನೆಟ್ ಬರುತ್ತಿಲ್ಲ' ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ತೆರೆಯಿಸುವುದು ಪಿವಿಐಡಿ ಪುಟವನ್ನೇ.

ಕಮಾಂಡ್ ಬರೆದು ನಡೆಸುವ ದೊಡ್ಡ ಮ್ಯಾನೇಜ್ಡ್ ಸ್ವಿಚ್ಚನ್ನೂ ಎರವಲು ತಂದು ಅದೇ ಜಾಗದಲ್ಲಿ ಇಟ್ಟು ನೋಡಿದೆ. ಅಲ್ಲಿ ಪೋರ್ಟನ್ನು ಆಕ್ಸೆಸ್ ಎಂದು ಹೇಳಿ ಸಂಖ್ಯೆ ಕೊಟ್ಟರೆ ಕಿವಿಯೂ ಬಾಯಿಯೂ ಒಟ್ಟಿಗೆ ಹೊಂದಿಕೊಳ್ಳುತ್ತವೆ, ಪಿವಿಐಡಿಯ ತಲೆನೋವೇ ಇಲ್ಲ. ಕಳ್ಳ ಡಿಎಚ್‌ಸಿಪಿಯನ್ನು (ಯಾರೋ ತಂದಿಟ್ಟ ಯಂತ್ರ ತಪ್ಪು ವಿಳಾಸ ಹಂಚುವುದನ್ನು) ತಡೆಯುವ ಸೌಲಭ್ಯವಿದೆ, ಒಂದೇ ವಿಲ್ಯಾನ್‌ನೊಳಗಿನ ಪೋರ್ಟುಗಳನ್ನೂ ಒಂದರಿಂದೊಂದು ಮರೆಮಾಡಬಹುದು. ಕೊನೆಯದು ಸಣ್ಣ ಮಾತಲ್ಲ: 802.1ಕ್ಯೂ ಅತಿಥಿಗಳನ್ನು ಕಚೇರಿಯಿಂದ ಬೇರೆ ಮಾಡುತ್ತದೆ, ಅತಿಥಿಯನ್ನು ಅತಿಥಿಯಿಂದ ಬೇರೆ ಮಾಡುವುದಿಲ್ಲ. ಎಂಟಿಯು ವಿಲ್ಯಾನ್ ಗೆಲ್ಲುವುದು ಅಲ್ಲೇ. ಆದರೆ ಆ ದೊಡ್ಡ ಸ್ವಿಚ್ಚಿನ ಫ್ಯಾನಿನ ಸದ್ದಿಗೆ ರೈಟರ್ ಮುಖ ಸಿಂಡರಿಸಿದರು, ಯುಪಿಎಸ್ ಕೂಡ ಬೇಗ ಸುಸ್ತಾಯಿತು. ಅತಿಥಿಗಳೆಲ್ಲ ವೈಫೈಯಲ್ಲೇ ಇರುವುದರಿಂದ, ಒಬ್ಬರಿಗೊಬ್ಬರು ಕಾಣದಂತೆ ಮಾಡುವ ಕೆಲಸವನ್ನು ಆಕ್ಸೆಸ್ ಪಾಯಿಂಟಿನ ಕ್ಲೈಂಟ್ ಐಸೊಲೇಷನ್ನಿಗೆ ಒಪ್ಪಿಸಿದೆ; ಕಾಟೇಜಿನಿಂದ ಕಾಟೇಜಿಗೆ ತಂತಿಯ ಮೂಲಕ ಉಳಿಯುವ ಸಣ್ಣ ಕಿಂಡಿಯನ್ನು ಭಾವ ಒಪ್ಪಿಕೊಂಡರು. ಎರವಲು ಸ್ವಿಚ್ ಹಿಂದಿರುಗಿತು, ಎರಡು-ಮೂರು ಸಾವಿರ ರೂಪಾಯಿಯ ಪುಟ್ಟ ಡಬ್ಬಗಳೇ ನಿಂತವು.

ಕಾಟೇಜಿನ ಕಡೆ ದೂರ ಹೆಚ್ಚಾದರೆ ನಡುವೆ ಒಂದು ಸಾದಾ ಸ್ವಿಚ್ ಸೇರಿಸಬಹುದೇ ಎಂದು ಕೇಳುವವರಿದ್ದಾರೆ, ತಾಮ್ರದ ಕೇಬಲ್ಲಿಗೆ 100 ಮೀಟರ್ ಮಿತಿ ಇದೆಯಲ್ಲ. ಸೇರಿಸಿ ನೋಡಿದೆ, ಟ್ಯಾಗುಗಳು ಹಾಗೆಯೇ ದಾಟಿ ಹೋದವು. ಟ್ಯಾಗ್ ಸೇರಿದರೆ ಫ್ರೇಮಿನ ಗರಿಷ್ಠ ಗಾತ್ರ 1518ರಿಂದ 1522 ಬೈಟ್ ಆಗುತ್ತದೆ, ಈಗಿನ ಸಾದಾ ಗಿಗಾಬಿಟ್ ಸ್ವಿಚ್ಚುಗಳು ಸಾಮಾನ್ಯವಾಗಿ ಅದಕ್ಕೆ ತಕರಾರು ಮಾಡುವುದಿಲ್ಲ. ಆದರೂ ಬೇಡ ಎನ್ನುತ್ತೇನೆ. ಆ ಸಾದಾ ಸ್ವಿಚ್ಚಿನ ಖಾಲಿ ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದವರು ತಮಗೆ ಬೇಕಾದ ಟ್ಯಾಗ್ ಹಾಕಿಕೊಂಡು ಯಾವ ಜಾಲದೊಳಗೆ ಬೇಕಾದರೂ ಕಾಲಿಡಬಹುದು. ಅಂಥಲ್ಲಿಗೆ ಫೈಬರ್ ಎಳೆಯುವುದೇ ಸರಿ. ಏಪ್ರಿಲ್-ಮೇ ತಿಂಗಳ ಗುಡುಗಿನ ದಿನಗಳಲ್ಲಿ ಎರಡು ಕಟ್ಟಡಗಳ ನಡುವಿನ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಎರಡೂ ಕಡೆಯ ಸ್ವಿಚ್ಚಿಗೆ ಹೊತ್ತು ತರುತ್ತದೆ, ಗಾಜಿನ ಎಳೆ ತರುವುದಿಲ್ಲ.

ವೇಗದ ಬಗ್ಗೆ ಭಾವನಿಗೆ ಅನುಮಾನವಿತ್ತು: ಮೂರು ಪಾಲು ಮಾಡಿದರೆ ವೇಗವೂ ಮೂರು ಪಾಲಾಗುವುದಿಲ್ಲವೇ? ಆಗುವುದಿಲ್ಲ. ಮೂರೂ ಜಾಲಗಳು ಅದೇ ಒಂದು ಗಿಗಾಬಿಟ್ಟನ್ನು ಹಂಚಿಕೊಳ್ಳುತ್ತವೆ, ಒಬ್ಬರು ಸುಮ್ಮನಿದ್ದಾಗ ಇನ್ನೊಬ್ಬರಿಗೆ ಪೂರ್ತಿ ಸಿಗುತ್ತದೆ. ಶನಿವಾರ ರಾತ್ರಿ ಅತಿಥಿಗಳ ವಿಡಿಯೊ ತಡವರಿಸಿದರೆ ಅದು ಹೊರಗಿನಿಂದ ಬರುವ ಇಂಟರ್ನೆಟ್ ಸಂಪರ್ಕದ ಇಕ್ಕಟ್ಟು, ತೋಟದೊಳಗಿನ ಕೇಬಲ್ಲಿನದಲ್ಲ.

ಇಷ್ಟೆಲ್ಲ ಆದ ಮೇಲೂ ಅತಿಥಿಗಳ ವೈಫೈಗೆ ಸೇರಿದ ನನ್ನ ಫೋನಿನಲ್ಲಿ ಪ್ರಿಂಟರಿನ ವಿಳಾಸ ಬರೆದರೆ ಅದರ ಪುಟ ತೆರೆದುಕೊಂಡಿತು. ಸ್ವಿಚ್ಚಿನ ತಪ್ಪಲ್ಲ. ಮೂರು ವಿಲ್ಯಾನ್‌ಗಳಿಗೆ ಮೂರು ಸಬ್‌ನೆಟ್ ಇವೆ, ಅವುಗಳ ನಡುವೆ ದಾರಿ ತೋರಿಸುವುದು ರೂಟರ್. ತಡೆಯೆಂದು ಯಾರೂ ಹೇಳದಿದ್ದರೆ ಅದು ಎಲ್ಲರನ್ನೂ ದಾಟಿಸುತ್ತದೆ. 20ರಿಂದ 10ಕ್ಕೂ 30ಕ್ಕೂ ಹೋಗುವುದನ್ನು ತಡೆ, 30ರಿಂದ ಇಂಟರ್ನೆಟ್ಟಿಗೆ ಹೋಗುವುದನ್ನೂ ತಡೆ, 10ರಿಂದ 30ಕ್ಕೆ ಹೋಗಲು ಬಿಡು ಎಂದು ರೂಟರಿನ ಫೈರ್‌ವಾಲಿನಲ್ಲಿ (ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿಯಮಗಳ ಜಾಗದಲ್ಲಿ) ಬರೆದ ಮೇಲೆಯೇ ಭಾವನ ಬೇಡಿಕೆ ಪೂರೈಸಿದ್ದು. ಮನೆಬಳಕೆಯ ಅನೇಕ ರೂಟರುಗಳಿಗೆ ಟ್ಯಾಗ್ ಓದಲು ಬರುವುದಿಲ್ಲ. ಸ್ವಿಚ್ಚಿಗೆ ದುಡ್ಡು ಕೊಡುವ ಮೊದಲು ರೂಟರ್ ಯಾವುದೆಂದು ನೋಡಿಕೊಳ್ಳಿ.

ಸೆಟ್ಟಿಂಗ್ ಮುಗಿದ ಮೇಲೆ 'ಉಳಿಸು' ಗುಂಡಿ ಪ್ರತ್ಯೇಕವಾಗಿದೆಯೇ ನೋಡಿ ಅದನ್ನು ಒತ್ತಿ, ಆಮೇಲೆ ಸ್ವಿಚ್ಚಿನ ಪ್ಲಗ್ಗನ್ನು ನೀವೇ ಕಿತ್ತು ಮತ್ತೆ ಹಾಕಿ ಪರೀಕ್ಷಿಸಿ. ಕಮಾಂಡಿನ ಸ್ವಿಚ್ಚುಗಳಲ್ಲಿ ಚಾಲ್ತಿಯಲ್ಲಿರುವ ಸೆಟ್ಟಿಂಗೇ ಬೇರೆ, ಉಳಿಸಿಟ್ಟದ್ದೇ ಬೇರೆ. ಉಳಿಸದೆ ಬಿಟ್ಟರೆ ಮಳೆಗಾಲದ ಮೊದಲ ಕರೆಂಟ್ ಕಡಿತಕ್ಕೆ ಮೂರೂ ಜಾಲಗಳು ಮತ್ತೆ ಒಂದಾಗಿರುತ್ತವೆ.